ಸುಣ್ಣದ ಡ್ರಮ್ಮಿನ ತಲೆ ಎಣಿಕೆ

ಮಧ್ಯಾಹ್ನದ ಮಳೆಗೆ ಕಾರ್ಖಾನೆಯ ಕರೆಂಟು ಹೋಗಿತ್ತು. ಸುಣ್ಣದ ಪುಡಿ ಕಲಸುವ, ಕೋಣೆಯಷ್ಟು ದೊಡ್ಡ ಡ್ರಮ್ಮು ಬಾಯಿ ತೆರೆದು ನಿಂತಿತ್ತು. ಒಳಗಿಳಿದು ಅದರ ಗೋಡೆ ಕೆರೆಯುತ್ತಿದ್ದವರು ಹೊರಬಂದು, ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ, ಮಬ್ಬು ಬೆಳಕಿನಲ್ಲಿ ಸಾಲಾಗಿ ಕೂತಿದ್ದರು. ಹೊಸ ಸೂಪರ್‌ವೈಸರಮ್ಮ ಬೆರಳು ಮಡಚಿ ಎಣಿಸಿದಳು: ಐದು. ಒಳಹೋದವರೂ ಐದೇ. ಕರೆಂಟು ಬಂದ ಕೂಡಲೇ ಡ್ರಮ್ಮು ಓಡಿಸಬೇಕೆಂದು ಮ್ಯಾನೇಜರು ಎರಡು ಸಲ ಫೋನು ಮಾಡಿ ಕಿರುಚಿದ್ದ. ಅವಳು ಕೆಲಸಕ್ಕೆ ಸೇರಿ ಹನ್ನೊಂದೇ ದಿನ; ಬೈಸಿಕೊಳ್ಳುವ ಭಯ. ಸ್ವಿಚ್ಚಿನ ಮೇಲೆ ಕೈಯಿಟ್ಟೇ ನಿಂತಳು.

ಗೇಟು ಕಾಯುವ ಮುದುಕ ಹಿಂದೆ ಇಲ್ಲೇ ಮೇಸ್ತ್ರಿಯಾಗಿದ್ದವನು. ಮಳೆಗೆ ಒಳಬಂದವನು ತಲೆ ಒರೆಸಿಕೊಳ್ಳುತ್ತ ಅವಳ ಪಕ್ಕದ ಚೀಲದ ಮೇಲೆ ಕೂತ.

"ಎಣಿಸಿದ್ಯಾ ಮಗಳೇ? ನಾನೂ ಎಣಿಸ್ತಿದ್ದೆ ಕಣಮ್ಮ... ಇದೇ ಜಾಗದಲ್ಲಿ ನಿಂತ್ಕೊಂಡು. ಆವತ್ತು ನಾಲ್ಕು ಜನ ಒಳಗಿಳಿದಿದ್ರು. ಎರಡು ಪಾಳಿ ಒಟ್ಟಿಗೆ ಮಾಡಿ ಎಲ್ಲರ ಕಣ್ಣೂ ಎಳೀತಿತ್ತು. ಹೊರಗೆ ಬಂದ್ರು, ಎಣಿಸ್ದೆ, ನಾಲ್ಕು! ಮುಖ ಯಾರು ನೋಡ್ತಾರೆ? ಸುಣ್ಣ ಮೆತ್ತಿದ್ಮೇಲೆ ಹೆತ್ತ ತಾಯಿಗೂ ಗುರುತು ಸಿಗಲ್ಲ. ಆಗಿನ ಸಾಹುಕಾರ ಬೇರೆ ತಲೆ ತಿಂತಿದ್ದ. ಸ್ವಿಚ್ ಒತ್ತಿದೆ... ಒಳಗಿಂದ ನನ್ನ ಹೆಂಡ್ತಿ ತಮ್ಮ ಕೂಗಿದ. ಒಂದೇ ಸಲ. ಕೆರೀತಾ ಕೆರೀತಾ ಅಲ್ಲೇ ನಿದ್ದೆ ಹೋಗಿದ್ದ. ಪಾಪಿ ನಾನು! ಇವತ್ತಿಗೂ ಹೆಂಡ್ತಿ ನನಗೆ ಮುಖ ಕೊಟ್ಟು ಮಾತಾಡಲ್ಲ."

ಮುದುಕ ಡ್ರಮ್ಮಿನ ಬಾಯಿಯತ್ತ ತಿರುಗಿದ.

"ಹಾಗಾದ್ರೆ ಹೊರಗಿದ್ದ ನಾಲ್ಕನೆಯವನು ಯಾರು ಅಂತೀಯಾ? ಡ್ರಮ್ಮು ನಿಲ್ಸಿ ತಿರುಗಿ ನೋಡಿದ್ರೆ ಮೂರೇ ಜನ! ನಾನು ಸೇರೋಕೆ ಮುಂಚೆ ಈ ಡ್ರಮ್ಮಲ್ಲಿ ಒಬ್ಬ ಸತ್ತಿದ್ನಂತೆ. ಆಮೇಲೆ ಹೇಳಿದ್ರು, ಮುಂಡೇವು. ಒಬ್ಬನೇ ಇರೋಕೆ ಬೇಜಾರೋ ಏನೋ ಅವನಿಗೆ... ಯಾರಾದ್ರೂ ಒಳಗೆ ಉಳಿದ್ರೆ, ಆ ಜಾಗಕ್ಕೆ ಇವನು ಬಂದು ಕೂತ್ಕೋತಾನೆ. ಎಣಿಕೆ ತಪ್ಪೋದೇ ಇಲ್ಲ! ಅದಕ್ಕೇ ನಾನು ತಲೆ ಎಣಿಸೋದು ಬಿಟ್ಟೆ, ಒಬ್ಬೊಬ್ಬನನ್ನೇ ಮಾತಾಡಿಸ್ತಿದ್ದೆ. ಅವನಿಗೆ ಮಾತು ಬರಲ್ಲ ನೋಡು."

"ಸುಮ್ನಿರಿ ತಾತ, ಹೆದರಿಸ್ಬೇಡಿ," ಎಂದು ಅವಳು ನಗಲು ನೋಡಿದಳು. ಅಷ್ಟರಲ್ಲಿ ದೀಪ ಹೊತ್ತಿಕೊಂಡಿತು. ಫೋನೂ ಬಡಿದುಕೊಳ್ಳತೊಡಗಿತು.

"ಮೊದಲು ಅವರನ್ನ ಮಾತಾಡಿಸಮ್ಮ," ಎಂದ ಮುದುಕ.

ಅವಳು ಸಾಲಿನತ್ತ ತಿರುಗಿದಳು. "ಎಲ್ಲರೂ ಬಂದ್ರಾ? ಒಬ್ಬೊಬ್ಬರೇ ಹೇಳಿ."

"ಬಂದೆ ಅಕ್ಕ."

"ಹ್ಞೂಂ."

"ಇಲ್ಲೇ ಇದೀನಲ್ಲ!"

"ಬಂದೆ ಕಣಕ್ಕ."

ಐದನೆಯವನು ತಲೆಯೆತ್ತಿ ಅವಳನ್ನೇ ನೋಡಿದ. ತುಟಿ ಬಿಚ್ಚಲಿಲ್ಲ.

"ಕೈ ತೆಗಿ ಮಗಳೇ," ಎಂದ ಮುದುಕ ಮೆಲ್ಲಗೆ. "ಯಾರೋ ಇನ್ನೂ ಒಳಗೇ ಇದಾನೆ."