ಇನ್ನೂರ ಹದಿನಾಲ್ಕನೇ ಫೋಟೋ

ಅಯ್ಯೋ, ನಾನೇ ನಿಲ್ಲಿಸಿದೆ ಅಂದ್ಕೊಂಡ್ರಾ ಅಕ್ಕಾ? ತರಗತಿ ಮುಚ್ತಾರೆ ಅಂತ ನನಗೇ ಮೊದಲು ಹೇಳಿದ್ದು ನಮ್ಮ ಬೈಂಡರ್ ತಾತ. ಸಂಘದ ಅಧ್ಯಕ್ಷರಲ್ಲ, ಕಾರ್ಯದರ್ಶಿಯಲ್ಲ. ಅವರಿಗೆಲ್ಲ ನನ್ನ ಮುಖ ನೋಡಿ ಹೇಳೋ ಧೈರ್ಯ ಎಲ್ಲಿದೆ? ತಾತ ಮೆಟ್ಟಿಲ ಕೆಳಗಿನ ತಮ್ಮ ಗೂಡಲ್ಲಿ ಕೂತು ಯಾವುದೋ ಪುಸ್ತಕದ ಬೆನ್ನಿಗೆ ಅಂಟು ಹಚ್ತಿದ್ರು. ತಲೆ ಕೂಡ ಎತ್ತಲಿಲ್ಲ. "ಮೇಡಂ, ಈ ತಿಂಗಳಿಗೆ ನಿಮ್ಮ ದೊಡ್ಡವರ ಶಾಲೆ ಬಂದ್ ಅಂತೆ" ಅಂದ್ರು. ಅಂತೆ! ಏಳು ವರ್ಷ ನಡೆಸಿದೋಳು ನಾನು, ನನಗೆ ಸಿಕ್ಕಿದ್ದು ಒಂದು 'ಅಂತೆ'.

ಎರಡು ವಿಷಯ ಹೇಳಿದ್ರು ಅವತ್ತು. ಒಂದು ಇದು. ಇನ್ನೊಂದು... ಏನೋ, ವಯಸ್ಸಾದವರ ಗೊಣಗಾಟ. ಬಿಡಿ.

ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಕಾಲು ಅಲ್ಲಾಡುತ್ತೆ. ಇತಿಹಾಸ ಸಂಘದಲ್ಲಿ ಇದ್ದೂ ಇದ್ದೂ ಕುರ್ಚಿಗಳೂ ಇತಿಹಾಸಕ್ಕೆ ಸೇರೋಕೆ ಹೊರಟಿವೆ... ಯಾಕೆ, ನಗಲಿಲ್ಲ? ಈ ಮಾತಿಗೆ ಪ್ರತಿ ಸಲ ನಗ್ತಿದ್ರಿ. ಒಂದು ಸಲ ಬಾಯಲ್ಲಿ ಗುಂಡುಪಿನ್ನು ಕಚ್ಕೊಂಡೇ ನಕ್ಕು ನಮ್ಮೆಲ್ಲರ ಜೀವ ಬಾಯಿಗೆ ತಂದಿದ್ರಿ. ಟೈಲರಮ್ಮ ಪಿನ್ನು ನುಂಗಿದ್ರು ಅಂತ ನರ್ಸಮ್ಮ ಎದ್ದೇ ಬಿಟ್ಟಿದ್ರು!

ಈ ಟ್ರೇಗಳನ್ನ ಕಟ್ಟಿಡ್ತಾ ಮಾತಾಡ್ತೀನಿ, ಬೇಜಾರಿಲ್ಲ ತಾನೆ? ಸಂಜೆಯೊಳಗೆ ಕೋಣೆ ಬಿಟ್ಟುಕೊಡಬೇಕು. ಇನ್ಮೇಲೆ ಇಲ್ಲಿ ಮುರಿದ ಬೆಂಚು ಪೇರಿಸಿಡ್ತಾರಂತೆ. ಮುರಿದ ಬೆಂಚಿಗೆ ಜಾಗ ಇದೆ, ಅದರ ಮೇಲೆ ಕೂರೋ ಜನಕ್ಕಿಲ್ಲ.

ಈ ಸಲ ಶುರುವಾದಾಗ ಇಪ್ಪತ್ತೆರಡು ಜನ ಇದ್ರು, ನೆನಪಿದೆಯಾ? ಲೈನ್‌ಮನ್, ನರ್ಸಮ್ಮ, ಬ್ಯಾಂಕಿನ ಗಾರ್ಡು, ಆ 'ಒಂದು ಸಂಶಯ' ಮೇಷ್ಟ್ರು... ಹಳೇ ಕೈಬರಹ ಓದೋದು, ಹಳೇ ಕಾಗದದ ಕೊಳೆ ತೆಗೆಯೋದು, ಹಳೇ ಫೋಟೋ ನೋಡಿ ಯಾವ ಕಾಲದ್ದು ಅಂತ ಹೇಳೋದು. ಶನಿವಾರದ ಮಧ್ಯಾಹ್ನ ನಿದ್ದೆ ಬಿಟ್ಟು ಇದನ್ನ ಕಲಿಯೋಕೆ ಜನ ಬರ್ತಾರೆ ಅಂದ್ರೆ ನನ್ನ ಗಂಡ ನಂಬ್ತಿರಲಿಲ್ಲ. "ಅವರ ಮನೇಲಿ ಫ್ಯಾನಿಲ್ಲ ಬಿಡು" ಅಂತಿದ್ರು. ಹಾಗೇ ಆಯ್ತು ನೋಡಿ. ಸೆಕೆ ಕಮ್ಮಿ ಆದ ಹಾಗೆ ಒಬ್ಬೊಬ್ಬರೇ ಕಮ್ಮಿ ಆದ್ರು. ಈಗ ನೀವೊಬ್ರು.

ನೀವೂ ಇತಿಹಾಸಕ್ಕೆ ಬಂದೋರಲ್ಲ. ಮೊದಲ ದಿನ ಎಲ್ಲರೂ ಎದ್ದು ಎದ್ದು 'ಪೂರ್ವಜರು', 'ಪರಂಪರೆ' ಅಂತ ಹೇಳಿ ಕೂತಮೇಲೆ ನೀವು ಎದ್ದು, "ನನಗೆ ಇತಿಹಾಸ ಬೇಡ ಮೇಡಂ, ನಮ್ಮಮ್ಮನ ಮುಖ ಬೇಕು" ಅಂದ್ರಿ. ಸಂಶಯದ ಮೇಷ್ಟ್ರಿಗೂ ಒಂದು ಸಂಶಯ ಹುಟ್ಟಲಿಲ್ಲ ಅವತ್ತು. ಅಮ್ಮ ಕೆಲಸಕ್ಕಿದ್ದದ್ದು ಬೆಂಕಿಪೊಟ್ಟಣದ ಕಾರ್ಖಾನೆ, ಪ್ಯಾಕಿಂಗ್ ವಿಭಾಗ. ಅಮ್ಮ ಹೋದಾಗ ನಿಮಗೆ ನಾಲ್ಕು ವರ್ಷ, ತಂಗಿಗೆ ಎಂಟು ತಿಂಗಳು. ಮನೇಲಿ ಒಂದು ಫೋಟೋ ಇಲ್ಲ. ಕಾರ್ಖಾನೆಯವರು ಒಂದೇ ಒಂದು ಸಲ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಗೆಸಿದ್ರು ಅಂತ ನಿಮ್ಮ ಚಿಕ್ಕಮ್ಮ ಹೇಳಿದ್ದು. ಆ ಕಾರ್ಖಾನೆಯ ಹಳೇ ಫೋಟೋಗಳ ಪೆಟ್ಟಿಗೆ ನಮ್ಮ ಸಂಘಕ್ಕೆ ಬಂದಿದೆ ಅಂತ ಯಾರೋ ಅಂದದ್ದು. ನಾನು ಎದೆ ತಟ್ಕೊಂಡು ಹೇಳಿದೆ, ಹುಡುಕಿ ಕೊಡ್ತೀನಿ ಅಕ್ಕಾ! "ತಂಗಿ ಕಣ್ಣು ಪೂರ್ತಿ ಹೋಗೋದ್ರೊಳಗೆ" ಅಂತ ನೀವು ಸೇರಿಸಿದ್ರಿ.

ಹೇಗಿದೆ ಈಗ ಅವರ ಕಣ್ಣು?

ಅಷ್ಟೇನಾ... ಬರೀ ನೆರಳು ಆಡಿದ ಹಾಗಾ? ಕಿಟಕಿ ಹತ್ರ ಹಿಡಿದ್ರೆ?... ಹೂಂ.

ಹಾಗಾದ್ರೆ ಇನ್ನು ಎಳೆಯೋದು ಬೇಡ. ತಗೊಳ್ಳಿ. ತೆಗೀರಿ ಲಕೋಟೆ, ಅಂಟಿಸಿಲ್ಲ. ಸಿಕ್ತು ಅಕ್ಕಾ! ಸಿಕ್ಕೇ ಬಿಡ್ತು! ಪೆಟ್ಟಿಗೆಯ ತಳದಲ್ಲಿತ್ತು... ಒಂಬತ್ತು ಜನ ಇದಾರೆ. ಹಿಂದೆ ಪೆನ್ಸಿಲಲ್ಲಿ ಹೆಸರು ಬರೆದಿತ್ತು, ಮಾಸಿ ಹೋಗಿದೆ, ನಾನು ಭೂತಗನ್ನಡಿ ಹಿಡಿದು ಓದಿದೆ. ಎಡಗಡೆಯಿಂದ ಮೂರನೆಯವರು. ನಿಮ್ಮದೇ ಮೂಗು ನೋಡಿ! ನಿಮ್ಮ ಹಾಗೇ ತಲೆ ಒಂಚೂರು ವಾಲಿಸಿಕೊಂಡು... ಅಳಿ ಅಕ್ಕಾ, ಅತ್ತುಬಿಡಿ, ನಾನೇನೂ ಅಂದ್ಕೊಳ್ಳಲ್ಲ.

ಮುಖ ನೋಡಿ ಅಂದ್ರೆ ತೋಳು ಯಾಕೆ ನೋಡ್ತಿದೀರಿ?

ಗೊತ್ತು. ಪಫ್ ತೋಳು. ಅದು ನಮ್ಮ ಕಡೆ ಬಂದದ್ದು ಅಮ್ಮ ಹೋಗಿ ಎಷ್ಟೋ ವರ್ಷದ ಮೇಲೆ, ನೀವು ಹೊಲಿಗೆ ಕಲಿಯೋಕೆ ಸೇರಿದ ವರ್ಷ ಅಂತ ಇದೇ ಕೋಣೇಲಿ ನೀವೇ ಹೇಳಿದ್ರಿ. ಎಲ್ಲರೂ ಚಪ್ಪಾಳೆ ತಟ್ಟಿದ್ವಿ. ಫೋಟೋದ ಕಾಲ ಹೇಳೋಕೆ ಮುಖಕ್ಕಿಂತ ತೋಳನ್ನ ನಂಬಿ ಅಂತ ಬೋರ್ಡ್ ಮೇಲೆ ಬರೆದೋಳು ನಾನು. ಆದ್ರೂ... ಯಾರೋ ಒಬ್ಬರು ಷೋಕಿಯವರು ಮುಂಚೇನೇ ಹೊಲಿಸಿಕೊಂಡಿರಬಹುದಲ್ಲ? ಹತ್ತು-ಹದಿನೈದು ವರ್ಷ ಮುಂಚೆ? ಒಂಬತ್ತು ಜನಾನೂ?

ಹಾಗೆ ನೋಡಬೇಡಿ ಅಕ್ಕಾ. ಬೈದ್ರೆ ಬೈಯಿರಿ. ನೀವು ಅಳತೆ ಟೇಪು ಹಿಡಿದು ನಿಂತಾಗಲೂ ಹೀಗೇ ನೋಡೋದು, ಎದುರಿಗಿದ್ದೋರು ತಾವೇ ಉಸಿರು ಬಿಟ್ಟು ಸರಿಯಾದ ಅಳತೆ ಕೊಟ್ಟುಬಿಡಬೇಕು.

ಅದೇನು, ನೋಟ್‌ಬುಕ್ಕಾ? ಅದ್ಯಾಕೆ ಈಗ? ತರಗತಿ ಮುಗೀತಲ್ಲ...

ತರಗತಿಯ ಎರಡನೇ ಶನಿವಾರ. ನಿಮ್ಮ ಅಕ್ಷರಾನೂ ನಿಮ್ಮ ಹೊಲಿಗೆ ಹಾಗೇ, ಒಂದು ಎಳೆ ಆಚೀಚೆ ಇಲ್ಲ. 'ತೊಳೆಯುವ ಮೊದಲು ಹಿಂದಿರುವ ನಂಬರ್ ಬರೆದುಕೊಳ್ಳುವುದು.' ಅದರ ಕೆಳಗೆ, ಇನ್ನೂರ ಹದಿನಾಲ್ಕು.

ಇಪ್ಪತ್ತೆರಡು ಜನಕ್ಕೆ ಹೇಳಿದ್ದೆ. ಬರೆದುಕೊಂಡೋರು ನೀವೊಬ್ರೇ.

ತಾತ ಹೇಳಿದ ಎರಡನೇ ವಿಷಯ ಇದೇ. "ಮೇಡಂ, ಕಾರ್ಖಾನೆಯವರ ಪಟ್ಟೀಲಿ ಇನ್ನೂರ ಹದಿನಾಲ್ಕು ಇದೆ, ಪೆಟ್ಟಿಗೇಲಿ ಇಲ್ಲ. ಪ್ಯಾಕಿಂಗ್ ಹೆಂಗಸರು. ಫೋಟೋ ಅಂಟಿಸಿದ್ದ ರಟ್ಟು ಮಾತ್ರ ನಿಮ್ಮ ಕಸದ ಬುಟ್ಟೀಲಿ ಸಿಕ್ಕಿತ್ತು, ನಂಬರಿತ್ತು ಅಂತ ಎತ್ತಿಟ್ಟಿದ್ದೆ." ಅಂಟು ಹಚ್ತಾನೇ ಹೇಳಿದ್ರು.

ಅವತ್ತು ಏನಾಯ್ತು ಅಂದ್ರೆ... ಅಭ್ಯಾಸಕ್ಕೆ ಅಂತ ಬೇಡದ ಫೋಟೋಗಳ ಡಬ್ಬ ಬೇರೆ ಇರುತ್ತೆ, ತಾತನ ಬೀರುವಲ್ಲಿ. ಬೀಗದ ಕೈ ತಾತನ ಹತ್ರ, ತಾತ ಬಂದಿಲ್ಲ. ನೀವೆಲ್ಲ ತೋಳು ಮಡಚಿಕೊಂಡು ಕಾಯ್ತಿದೀರಿ. ನನಗೆ ಮರ್ಯಾದೆ ಪ್ರಶ್ನೆ! ಆ ಕಾರ್ಖಾನೆ ಪೆಟ್ಟಿಗೆಯ ಮೇಲೇ ಫೋಟೋಗಳ ಒಂದು ಕಟ್ಟು ಇತ್ತು, ಮಸಿ-ಮಣ್ಣು ಮೆತ್ತಿ ಒಂದು ಮುಖಾನೂ ಕಾಣ್ತಿರಲಿಲ್ಲ. ಇದಕ್ಕೆಲ್ಲ ಇನ್ನೊಂದು ಪ್ರತಿ ಇದ್ದೇ ಇರುತ್ತೆ ಅಂತ ಹಂಚಿಬಿಟ್ಟೆ. ಉಳಿದವರಿಗೆ ಬರೀ ಬ್ರಷ್ಷು. ನೀರಲ್ಲಿ ತೊಳೆಯೋಕೆ ನಿಮ್ಮನ್ನ ಕರೆದೆ. ಯಾಕೆ ಗೊತ್ತಾ? ಎಲ್ಲರಿಗಿಂತ ನಿಮ್ಮ ಕೈ ಹಗುರ ಅಂತ.

ನೀರು ತಣ್ಣಗಿರಬೇಕು. ಬೋರ್ಡ್ ಮೇಲೂ ಅದನ್ನೇ ಬರೆದಿದ್ದೆ. ಆದ್ರೆ ಕೊಳೆ ಬೇಗ ಬಿಡಲಿ ಅಂತ ಬಿಸಿನೀರಿನ ಕೆಟಲ್ ಬಗ್ಗಿಸಿದೋಳು ನಾನು, ಬೆರಳು ಅದ್ದಿ ನೋಡದೋಳೂ ನಾನು. ರಟ್ಟು ಬಿಟ್ಟು ಚಿತ್ರದ ಪದರವೇ ಹಾಲಿನ ಕೆನೆ ಏಳೋ ಹಾಗೆ ಎದ್ದು ತೇಲ್ತಲ್ಲ... ತೇಲಿ, ಮುದುರಿಕೊಂಡು... ಎಲ್ಲ ನಕ್ಕರು. ನೀವು ನಗಲಿಲ್ಲ. "ಪಾಪ, ಯಾರ ಮನೆಯವರೋ" ಅಂದ್ರಿ. ನಾನೇನಂದೆ? "ಚಿಂತೆ ಬಿಡಿ ಅಕ್ಕಾ, ಬೇಡದ್ದು" ಅಂದೆ.

ಬೇಡದ್ದು ಅಂದೆ!

ಒಂದು ಕೇಳ್ಲಾ? ಮಣ್ಣು ಕರಗಿದ ಮೇಲೆ, ಆ ಚಿತ್ರ ಏಳೋದಕ್ಕೆ ಮುಂಚೆ... ಒಂದು ಗಳಿಗೆ ಮುಖಗಳು ಸ್ಪಷ್ಟ ಕಂಡಿರಬೇಕು. ನೋಡಿದ್ರಾ? ನಾನು ಬೋರ್ಡ್ ಕಡೆ ತಿರುಗಿದ್ದೆ. ನೀವು ಬಗ್ಗಿದ್ರಿ. ನೋಡಿರ್ತೀರಿ ಅಲ್ವಾ?... ಯಾರನ್ನ ನೋಡ್ತಿದೀನಿ ಅಂತ ಗೊತ್ತಿಲ್ಲದೇನೇ...

ಕೈ ಯಾಕೆ ಸೆರಗಲ್ಲಿ ಮುಚ್ಕೊಂಡ್ರಿ? ತೆಗೀರಿ ಅಕ್ಕಾ, ನಿಮ್ಮ ಕೈ ಏನು ಮಾಡ್ತು?

ತಾತ ಪಟ್ಟಿ ನಿಮಗೂ ತೋರಿಸಿದ್ರಾ? ಯಾವಾಗ?... ಮೂರು ವಾರ? ಮೂರು ಶನಿವಾರ ಇಲ್ಲೇ, ಎದುರಿಗೇ ಕೂತು... "ಹುಡುಕ್ತಿದೀನಿ ಅಕ್ಕಾ, ಇನ್ನೇನು ಸಿಗುತ್ತೆ" ಅಂತ ನಾನು ಅಂದಾಗೆಲ್ಲ ತಲೆ ಆಡಿಸ್ಕೊಂಡು... ಇವಳೇ ಹೇಳಲಿ ಅಂತ ಕಾಯ್ತಿದ್ರಾ? ಬೇರೆಯವರೆಲ್ಲ ಬಿಟ್ಟು ಹೋದ ಮೇಲೂ ನೀವು ಬರ್ತಿದ್ದದ್ದು ಅದಕ್ಕಾ? ನಾನು ದಡ್ಡಿ, ತರಗತಿ ಇಷ್ಟ ಅಂತ ಬರ್ತಿದೀರಿ ಅಂದ್ಕೊಂಡು ಗಂಡನ ಹತ್ರ ಜಂಬ ಕೊಚ್ಕೊಂಡಿದ್ದೆ.

ಈ ಫೋಟೋನಾ? ಇದು ಆಸ್ಪತ್ರೆಯ ಬಟ್ಟೆ ಒಗೆಯೋ ವಿಭಾಗದವರು. ಬೇರೆ ಪೆಟ್ಟಿಗೆ. ಯಾರದೋ ಅಮ್ಮ. ನಿಮ್ಮ ತಂಗಿಗೆ ಕಾಣಲ್ಲ, ನಿಮಗೆ ನೆನಪಿಲ್ಲ, ನಡೆದುಹೋಗುತ್ತೆ ಅಂತ... ಹೌದು, ಹಾಗೇ ಅಂದ್ಕೊಂಡೆ. ಎರಡು ದಿನ ಕೂತು ನಿಮ್ಮ ಮೂಗು ಹುಡುಕಿದೆ. ಕೊಡಿ ಇಲ್ಲಿ, ಹರಿದು ಹಾಕ್ತೀನಿ... ಹರಿಯೋಕೂ ಬರಲ್ಲ, ಅದಕ್ಕೂ ಒಂದು ನಂಬರಿದೆ.

ಕೊಡಿ ಅಕ್ಕಾ.

ಚೀಲಕ್ಕೆ ಯಾಕೆ ಹಾಕ್ಕೋತಿದೀರಿ? ಅದು ನಿಮ್ಮಮ್ಮ ಅಲ್ಲ, ಈಗ ತಾನೆ ಹೇಳಿದೆನಲ್ಲ... ತಂಗಿಗಾ? ಕಿಟಕಿ ಹತ್ರ ಹಿಡಿದು ತೋರಿಸ್ತೀರಾ?

ಒಂದು ನಿಮಿಷ. ಹೋಗಬೇಡಿ. ತಂಗಿಗೆ ನನ್ನದೊಂದು ಮಾತು ಮುಟ್ಟಿಸಿ. ಯಾವತ್ತಾದ್ರೂ ನಿಜ ಹೇಳೋ ಹಾಗಾದ್ರೆ, ಬಿಸಿನೀರು ಹಾಕಿದ್ದು ಅಕ್ಕ ಅಲ್ಲ, ಆ ಮೇಡಂ ಅಂತ ಹೇಳಿ.

ಇವತ್ತಿಗೆ... ಇವತ್ತಿಗೆ, ಎಡಗಡೆಯಿಂದ ಮೂರನೆಯವಳು ಅಂತ ಹೇಳಿ.