ಹುಳುಮನೆಯ ಮೊಳೆಗೆ ನೇತುಹಾಕಿದ ಫೋನು

ಅದಲ್ಲ ಕಣೇ ಅನಿತಾ, ಆ ಫೋನಿಗೆ ಒಂದು ಕೆಲಸ ಹೇಳಿ, ಅದು ಮಾಡಿದ ಮೇಲೆ ಮೆತ್ತಗೆ ‘ಥ್ಯಾಂಕ್ಸ್’ ಅಂತೀಯಲ್ಲ, ಯಾರಿಗೆ ಅದು? ಕತ್ತು ಬೇರೆ ಒಂಚೂರು ಬಾಗಿಸ್ತೀಯ. ಮನೆಗೆ ಬಂದ ನೆಂಟರಿಗೆ ಹೇಳಿದ ಹಾಗೆ. ನಿನ್ನ ಅತ್ತೆ ನಾನು, ಸೊಪ್ಪಿನ ಹೊರೆ ಹೊತ್ತು ತಂದು ಹಾಕ್ತೀನಿ. ನನಗೆ ಒಂದಿನ ಅಂದಿದ್ದೀಯಾ?

ನಗಬೇಡ. ನಗ್ತಾ ಇಲ್ವಾ? ಕತ್ತಲು ಕಣೇ ಈ ರೇಷ್ಮೆ ಹುಳುಮನೇಲಿ.

ಅದನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬಾಗಿಲ ಮೊಳೆಗೆ ನೇತು ಹಾಕಿದ್ದು ನೀನೇ ತಾನೆ. ಬ್ಲೀಚಿಂಗ್ ನೀರಲ್ಲಿ ಕೈ ತೊಳೆದೇ ಹುಳು ಮುಟ್ಟಬೇಕು, ತೊಳೆದ ಕೈಲಿ ಫೋನು ಮುಟ್ಟೋ ಹಾಗಿಲ್ಲ. ಅದಕ್ಕೆ ಎಲ್ಲಾ ಬಾಯಲ್ಲೇ. ‘ಮುನಿಕೃಷ್ಣಂಗೆ ಫೋನ್ ಮಾಡು’... ಗಂಡನ ಹೆಸರು ದಿನಕ್ಕೆ ಹತ್ತು ಸಲ! ನಿಮ್ಮ ಮಾವನ ಹೆಸರು ನಾನು ಮದುವೇಲಿ ಒಂದ್ಸಲ ಹೇಳಿದ್ದು, ಆಮೇಲೆ ರೇಷನ್ ಅಂಗಡೀಲಿ.

ಒಪ್ತೀನಿ, ಸೊಪ್ಪು ತೀರಿದ್ರೆ ಅವನನ್ನ ತೋಟದಿಂದ ಕರೆಸತ್ತೆ. ಮಳೆ ಬರತ್ತಾ ಅಂದ್ರೆ ಹೇಳತ್ತೆ. ಅದೇನು ದೊಡ್ಡಸ್ತಿಕೆ? ಹುಳು ಪೊರೆ ಬಿಡೋ ಜ್ವರಕ್ಕೆ ಕೂತು ಮೇವು ಬಿಟ್ಟಿದ್ಯಾ, ಎದ್ದು ಹಸಿದಿದ್ಯಾ ಅಂತ ಕೇಳು, ಬಾಯಿ ಬಿಡಲ್ಲ. ಅದಕ್ಕೆ ಪುಸ್ತಕದ ಕನ್ನಡ ಬೇಕು. ನಮ್ಮ ಥರ ಅರ್ಧ ತೆಲುಗು ಸೇರಿಸಿದ್ರೆ ‘ಕ್ಷಮಿಸಿ, ಅರ್ಥ ಆಗಲಿಲ್ಲ’ ಅಂತದೆ ಮುಂಡೇದು.

ಏನು ಹಾಗೆ ನೋಡ್ತೀಯ? ನನಗೆ ಹೇಗೆ ಗೊತ್ತು ಅಂತಾನಾ? ಒಂದಿನ ಸುಮ್ನೆ ಮಾತಾಡಿಸಿದೆ. ಅಷ್ಟೆ.

ಈಗ ಅದರ ಯೋಗ್ಯತೆ ನೋಡಿದ್ಯಲ್ಲ. ಶ್ರೀನಿವಾಸಪುರದ ಸ್ಕೂಲಿನ ಶಾಮಲಮ್ಮ ಮೇಡಂ, ಪಾಪ, ಸೋಮವಾರದಿಂದ ಟೀಚರ್ ಕೆಲಸಕ್ಕೆ ಬಾ ಅಂತ ಕರೆದಿದ್ರು. ನಿನ್ನ ಫೋನಿಂದ ಅವರಿಗೆ ಏನೋ ಮೆಸೇಜ್ ಹೋಗಿದೆ, ಕೆಲಸ ತಪ್ತು. ಬೆಳಿಗ್ಗೆ ಇಷ್ಟೇ ಹೇಳಿ ಬಾಯಿ ಹೊಲ್ಕೊಂಡೋಳು ನೀನು, ಇನ್ನೂ ಬಿಚ್ಚಿಲ್ಲ. ಅದಕ್ಕೆ ನನ್ನ ಮುಖ ಯಾಕೆ ನೋಡ್ಬೇಕು? ಹೆಬ್ಬೆಟ್ಟಿನ ಹೆಂಗಸು ನಾನು. ಸಹಿ ಹಾಕೋಕೆ ಬರದೋಳು ಮೆಸೇಜ್ ಬರೀತೀನಾ? ಅದೇ ಕಳಿಸಿರತ್ತೆ. ಟೀವೀಲಿ ಯಾರೋ ಏನೋ ಅಂದಿರ್ತಾರೆ, ಕಳಿಸಿರತ್ತೆ. ಯಾರು ಹೇಳಿದ್ರೂ ಮಾಡತ್ತೆ ಅದು. ಬೀದಿನಾಯಿಗೂ ಗೊತ್ತು, ಅನ್ನ ಹಾಕೋರ ದನಿ ಯಾವುದು ಅಂತ. ಇದಕ್ಕೆ ಅಷ್ಟೂ ಇಲ್ಲ.

ಆ ಮೇಡಂದೂ ತಪ್ಪಿಲ್ಲ ಬಿಡು. ‘ಹುಳು ಬಿಟ್ಟು ಬರೋಕಾಗಲ್ಲ, ಬೇರೆಯೋರನ್ನ ನೋಡ್ಕೊಳ್ಳಿ’ ಅಂತ ಕಳಿಸಿದ್ರೆ ಯಾರು ತಾನೆ ಕಾಯ್ತಾರೆ...

ಯಾಕೆ, ಸೊಪ್ಪು ಹಾಕ್ತಿದ್ದ ಕೈ ನಿಂತೋಯ್ತು?

ನೀನೇ ಓದಿ ಹೇಳಿದ್ದಲ್ವಾ ಅದನ್ನ. ಹೇಳ್ಲಿಲ್ವಾ? ಹಾಗಾದ್ರೆ ಮುನಿಕೃಷ್ಣ ಹೇಳಿರ್ತಾನೆ. ತಲೆ ಯಾಕೆ ಆಡಿಸ್ತೀಯ... ಅವನಿಗೂ ತೋರಿಸಿಲ್ವಾ.

ಅನಿತಾ. ಬೈದುಬಿಡು ಒಂದ್ಸಲ. ಆ ಫೋನಿಗೆ ಅಕ್ಷರ ಬೇಡ, ಬಾಯಿದ್ರೆ ಸಾಕು ಅಂತ ನಿನ್ನ ನೋಡೇ ಕಲಿತದ್ದು ನಾನು.

ಸೀರೆ ಯಾಕೆ ಕೊಡವ್ತಾ ಇದೀಯ? ಹೊರಟೆಯಾ, ಆ ಮೇಡಂ ಹತ್ರಾನಾ? ಹೋಗು. ನಮ್ಮತ್ತೆ ಭಾರತಮ್ಮ ಮಾಡಿದ ಘನಂದಾರಿ ಕೆಲಸ ಅಂತ ನನ್ನ ಹೆಸರೇ ಹೇಳು, ನನಗೇನು.

ನಿಲ್ಲೇ ಒಂಚೂರು. ನೀನು ತವರಿಗೆ ಹೋಗಿದ್ದಾಗ ಕಳೆದ ಸಲದ ಗೂಡಿನ ಬೆಳೆ ನೆಲಕಚ್ತಲ್ಲ, ಮೊಟ್ಟೆ ಸರಿ ಇಲ್ಲ ಅಂತ ಊರೆಲ್ಲ ಬೈಕೊಂಡು ತಿರುಗಿದೆ. ಮೊಟ್ಟೆ ಚೆನ್ನಾಗೇ ಇತ್ತು. ರೋಗದ ಹುಳ ಆರಿಸಿ ಹೊರಗೆ ಹಾಕಬೇಕಾದೋಳು ನಾನು. ನನಗೆ ಅವು ಕಾಣಲಿಲ್ಲ. ಎಲ್ಲಾ ಒಂದೇ ಥರ ಬೆಳ್ಳಗೆ ಮಂಜುಮಂಜಾಗಿ ಕಾಣತ್ತೆ ಕಣೇ. ಮಗನಿಗೂ ಹೇಳಿಲ್ಲ. ನೀನು ಸ್ಕೂಲಿಗೆ ಹೋದ್ರೆ ಹಗಲೆಲ್ಲ ಈ ಹುಳದ ಜೊತೆ ನಾನೊಬ್ಬಳೇ.

ಚಪ್ಪಲಿ ಹಾಕ್ಕೊಂಡೆಯಾ...

ಬಸ್ಸಿಗೆ ಇನ್ನೂ ಹೊತ್ತಿದೆ, ಅಮ್ಮಣ್ಣಿ. ಈ ಹುಳದ ತಟ್ಟೆ ಒಂದು ನೋಡ್ಬಿಟ್ಟು ಹೋಗು. ಇದೊಂದೇ. ಅನಿತಾ?