ಹನ್ನೊಂದು ಓಮಿನ ಹಂಡೆ

ಹಲೋ... ಹಾಂ, ತಿರೂರಿನ ವೈರ್‌ಮನ್ ಬೀರಾನೇ. ಯಾರು ಮಾತಾಡೋದು?

...

ಓ, ಅಬೂಟ್ಟಿ ಸಾಹೇಬ್ರು. ಕೊಲ್ಲಿ ದೇಶದ ದಮ್ಮಾಮಿನಲ್ಲಿ ಸೂಪರ್‌ವೈಸರ್ ಆಗಿದ್ದವರು. ನಿಮ್ಮ ನಾದಿನಿಯನ್ನ ನನ್ನ ಮಗ ಶಬೀಬನಿಗೆ ಕೇಳಿದಾಗ, ವೈರ್‌ಮನ್ ಮಗನಿಗಾ ಅಂದವರು. ನೆನಪಿಲ್ಲದೆ ಏನು. ಹೇಳಿ, ಇವತ್ತು ನಿಮ್ಮ ಮಾವನ ಮನೇಲಿ ಹೊಸ ಅಳಿಯನ, ಅದೇ ನಮ್ಮ ಶಬೀಬನ ಔತಣ ಅಲ್ವಾ? ನಮ್ಮ ಹುಡುಗರೆಲ್ಲ ಆಗಲೇ ಹೊರಟರಲ್ಲ.

...

ಫ್ಯೂಸ್ ಹೋಯ್ತಾ? ಎರಡು ಸಲ? ಹಾಂ... ಇಪ್ಪತ್ತಾರು ವರ್ಷದ ಹಿಂದೆ ನಾನು ಮಾಡಿದ ವೈರಿಂಗ್ ಕೊಳೆತು ಹೋಗಿದೆ ಅಂತೀರಾ. ಇರಬಹುದು. ಏನು ಹಾಕಿದಾಗ ಹೋಯ್ತು?

...

ಕರೆಂಟಿನ ಚಹಾ ಹಂಡೆ. ದಮ್ಮಾಮಿನಿಂದ ತಂದದ್ದು. ನಲವತ್ತು ಜನಕ್ಕೆ ಒಂದೇ ಸಲ ಸುಲೈಮಾನಿ ಚಹಾ. ಹೊಸ ಅಳಿಯ ನೋಡಿ ಬಾಯಿ ಬಿಡಬೇಕು, ಅಲ್ವಾ? ಸರಿ ಸರಿ, ಬಿಡ್ತಾನೆ. ಹಂಡೆಯ ತಳದಲ್ಲಿ ಒಂದು ತಗಡು ಇರುತ್ತೆ, ಓದಿ ಹೇಳಿ.

...

ನೂರ ಹತ್ತು ವೋಲ್ಟ್. ಹತ್ತು ಆಂಪಿಯರ್. ಸಾವಿರದ ನೂರು ವ್ಯಾಟ್. ಇನ್ನೊಂದು ಸಲ ಹೇಳಿ... ನೂರ ಹತ್ತು. ಸಾಹೇಬ್ರೇ, ನಮ್ಮೂರಿಗೆ ಬರೋದು ಇನ್ನೂರ ಇಪ್ಪತ್ತು.

...

ಓಹೋ, ಲೆಕ್ಕ ನೀವೇ ಮಾಡಿದ್ರಾ. ಸಾವಿರದ ನೂರನ್ನ ಇನ್ನೂರ ಇಪ್ಪತ್ತರಿಂದ ಭಾಗಿಸಿದ್ರೆ ಐದು. ಐದೇ ಆಂಪಿಯರ್, ಇಲ್ಲಿ ಇನ್ನೂ ಹಗುರ. ಭಾಗಾಕಾರ ಸರಿಯಾಗಿದೆ. ನೀವು ತಪ್ಪಿದ್ದು ಹಂಡೆಯ ವಿಷಯದಲ್ಲಿ. ಆ ವ್ಯಾಟು ಹಂಡೆ ಹುಟ್ಟುವಾಗ ಹೊತ್ತು ತಂದದ್ದಲ್ಲ. ಅದು ಅಲ್ಲಿಯ ಸಂಬಳ ಇದ್ದ ಹಾಗೆ, ಅಲ್ಲಿಯ ವೋಲ್ಟಿಗೆ ಮಾತ್ರ. ವಿಮಾನ ಹತ್ತಿಸಿ ತಂದರೂ ಬದಲಾಗದೆ ಉಳಿಯೋದು ಒಳಗಿನ ಸುರುಳಿಯ ತಡೆ ಒಂದೇ. ವೋಲ್ಟನ್ನ ಆಂಪಿಯರಿಂದ ಭಾಗಿಸಿದ್ರೆ ತಡೆ. ನೂರ ಹತ್ತನ್ನ ಹತ್ತರಿಂದ ಭಾಗಿಸಿ.

...

ಹನ್ನೊಂದು. ಹನ್ನೊಂದು ಓಮು. ಈಗ ನಮ್ಮ ಇನ್ನೂರ ಇಪ್ಪತ್ತನ್ನ ಆ ಹನ್ನೊಂದರಿಂದ ಭಾಗಿಸಿ... ಬೆರಳು ಮಡಚಬೇಡಿ, ಇಪ್ಪತ್ತು. ಇಪ್ಪತ್ತು ಆಂಪಿಯರ್. ವೋಲ್ಟನ್ನೂ ಆಂಪಿಯರನ್ನೂ ಗುಣಿಸಿದ್ರೆ ವ್ಯಾಟು. ಎಷ್ಟಾಯ್ತು?

...

ನಾಲ್ಕು ಸಾವಿರದ ನಾನೂರು. ಹಾಂ, ನಾಲ್ಕು ಪಟ್ಟು. ವೋಲ್ಟು ಎರಡರಷ್ಟಾದ್ರೆ ಕರೆಂಟೂ ಎರಡರಷ್ಟು, ಎರಡೆರಡ್ಲಿ ನಾಲ್ಕು. ಮದರಸದಲ್ಲಿ ನಾವು ಮಾಲೆಯ ಭಕ್ತಿಹಾಡು ಬಾಯಿಪಾಠ ಮಾಡಿದ ಹಾಗೆ ಇದನ್ನೂ ರಾಗವಾಗಿ ಹೇಳಿಕೊಟ್ಟಿದ್ರೆ ನಿಮಗೆ ನಿಲ್ತಿತ್ತೋ ಏನೋ. ಗೋಡೆಯ ಮೇಲಿನ ನನ್ನ ತಂತಿ ತಾಳೋದು ಹತ್ತು ಆಂಪಿಯರ್. ಅದಕ್ಕೇ ಫ್ಯೂಸ್ ಹೋದದ್ದು. ಅದು ಅದರ ಕೆಲಸ ಮಾಡಿದೆ. ಹೋಗಲಿ, ಮೂರನೇ ಸಲ ಫ್ಯೂಸಿಗೆ ಏನು ಹಾಕಿದ್ರಿ?

...

ಏನು ಹಾಕಿದ್ರಿ ಅಂದೆ.

...

ತಾಮ್ರದ ಎಳೆ. ಮೂರು ಎಳೆ ಹೊಸೆದು. ಆಮೇಲೆ ಹೋಗಲಿಲ್ಲ, ಅಲ್ವಾ? ಆರೇ ನಿಮಿಷದಲ್ಲಿ ನೀರು ಮರಳಿತು, ದಮ್ಮಾಮಿನಲ್ಲೂ ಇಷ್ಟು ಬೇಗ ಆಗ್ತಿರಲಿಲ್ಲ. ಹಂಡೆ ಈಗಲೂ ಉರೀತಿದೆಯಾ?

...

ವಾಸನೆಯಾ? ಬಿರಿಯಾನೀದಲ್ಲ ಅಬೂಟ್ಟಿ, ರಬ್ಬರ್ ಸುಟ್ಟ ವಾಸನೆ. ಮದುಮಕ್ಕಳ ಕೋಣೆಯ ಬಾಗಿಲ ಮೇಲೆ ಒಂದು ಮರದ ಪಟ್ಟಿ ಹೋಗಿದೆ, ನನ್ನ ತಂತಿ ಅದರಲ್ಲೇ ಇರೋದು. ಅದರ ಬಣ್ಣ ನೋಡು.

...

ಕಪ್ಪಾಗಿದೆ. ಇನ್ನು ನೀವು ಗೀವು ಇಲ್ಲ, ಕೇಳು. ಆ ಪಟ್ಟಿಯ ಕೆಳಗೆ ಯಾರಿದ್ದಾರೆ? ಮಾಲೆ ಹಾಡೋ ದನಿ ಕೇಳಿಸ್ತಿದೆ, ನಿನ್ನ ಅತ್ತೆ ಬಿಯ್ಯಾತು ಉಮ್ಮನದೇ ಅಲ್ವಾ? ಎಬ್ಬಿಸು. ಮೊಣಕಾಲು ನೋವಾದರೆ ಕುರ್ಚಿ ಸಮೇತ ಎತ್ತಿ ಹೊರಗೆ ಇಡು. ಹಂಡೆಯ ಸ್ವಿಚ್ಚು?

...

ಕರಗಿ ಕೂತಿದೆಯಾ. ಮುಟ್ಟಬೇಡ. ಪ್ಲಗ್ಗನ್ನೂ ಕೀಳಬೇಡ. ನೀರಂತೂ ಬೇಡವೇ ಬೇಡ. ಪಡಸಾಲೆಯಲ್ಲಿ ಕಬ್ಬಿಣದ ಪೆಟ್ಟಿಗೆ ಇದೆ, ಮನೆಯ ದೊಡ್ಡ ಸ್ವಿಚ್ಚು. ಅದನ್ನ ಇಳಿಸು.

...

ಇಳಿಸಿದ್ರೆ ಫ್ಯಾನು ನಿಲ್ಲುತ್ತೆ, ಹಾಡು ನಿಲ್ಲುತ್ತೆ, ಬಣ್ಣದ ದೀಪ ಆರುತ್ತೆ. ಹಾಂ. ಗೇಟಿನಲ್ಲಿ ಶಬೀಬನ ಗುಂಪು ಚಪ್ಪಲಿ ಬಿಡ್ತಿದೆ, ಮರ್ಯಾದೆ ಹೋಗುತ್ತೆ. ಹಾಂ. ನನ್ನ ಮಗ ಆ ಕೋಣೆಯ ಬಾಗಿಲಲ್ಲೇ ಅಲ್ವಾ ಒಳಗೆ ಹೋಗೋದು? ನಿನ್ನ ನಾದಿನಿ ಅಲ್ಲೇ ಅಲ್ವಾ ಕಾಯ್ತಿರೋದು? ನಿನ್ನ ಮರ್ಯಾದೆಗೆ ಎಷ್ಟು ಓಮು ತಡೆ ಇದೆಯಪ್ಪ, ಏನೂ ಒಳಗೆ ಇಳಿಯಲ್ಲ.

...

ಉಮ್ಮ ಹೊರಗೆ ಬಂದ್ರಾ? ಹುಟ್ಟಿಸಿದವನು ದೊಡ್ಡವನು. ಹುಡುಗಿ? ಅವಳೂ ಬಂದಳಾ. ಸರಿ. ನೀನು ಮಾತಾಡ್ತಿರೋದು ಆ ತಂತಿಯಿಲ್ಲದ ಕಾರ್ಡ್‌ಲೆಸ್ ಫೋನಿನಲ್ಲಿ, ಅಲ್ವಾ? ಅದರ ಪೆಟ್ಟಿಗೆ ನಡೆಯೋದು ಮನೆಯ ಕರೆಂಟಿನಲ್ಲೇ. ಕರೆಂಟ್ ಹೋದ್ರೆ ಅದೂ ಸಾಯುತ್ತೆ. ಈ ಮಾತು ಕಡಿದರೆ ನೀನು ಇಳಿಸಿದೆ ಅಂತ ನನಗೆ ಗೊತ್ತಾಗುತ್ತೆ. ನಿನ್ನ ದನಿ ಕೇಳಿಸಿದಷ್ಟು ಹೊತ್ತೂ ಆ ತಂತಿ ಉರೀತಿದೆ ಅಂತಲೇ ಲೆಕ್ಕ. ನಡಿ.

...

ಇನ್ನೂ ಇದ್ದೀಯಲ್ಲ. ನಡಿ ಅಂದೆ. ಚಹಾಕ್ಕೆ ಹಿತ್ತಲಲ್ಲಿ ಸೌದೆ ಒಲೆ ಇದೆ, ಅದಕ್ಕೆ ವೋಲ್ಟು ಗೊತ್ತಿಲ್ಲ.

...

ಹಾಂ... ಹಿಡಿ ಕಿರುಗುಟ್ಟಿತು, ಕೇಳಿಸ್ತು. ಇಪ್ಪತ್ತಾರು ವರ್ಷದಿಂದ ಎಣ್ಣೆ ಕಂಡಿಲ್ಲ ಪಾಪ. ಬಿಸ್ಮಿಲ್ಲಾ ಹೇಳಿ ಗಟ್ಟಿಯಾಗಿ ಕೆಳಗೆ ಎಳೆ. ಯಾಕೆ ಕರೆಂಟ್ ಹೋಯ್ತು ಅಂತ ಹುಡುಗರು ಕೇಳಿದ್ರೆ, ವೈರ್‌ಮನ್ ಬೀರಾನಿನ ಕೆಟ್ಟ ಕೆಲಸ ಅಂತಲೇ ಹೇಳು. ಶಬೀಬನಿಗೂ ಹಾಗೇ ಹೇಳು. ನಾನೇನೂ ಬೇಜಾರು ಮಾಡ್ಕೊ...